ಕರೆಂಟ್ ಬರ್ತಾರ: ಮಗಳಿಗೊಂದು ಪತ್ರ

ನನ್ನವ್ವಾ,

ನೀನು ಇದನ್ನು ಓದುವ ಹೊತ್ತಿಗೆ ಈಗಿನದು ಯಾವುದೂ ನಿನಗೆ ನೆನಪಿರುವುದಿಲ್ಲ. ಎರಡು, ಎರಡೂವರೆ ವರ್ಷದಲ್ಲಿ ಆಡಿದ ಮಾತು ಯಾರಿಗೆ ತಾನೇ ನೆನಪಿರುತ್ತದೆ ಹೇಳು. ಆದರೆ ಸದ್ಯಕ್ಕೆ ನಮ್ಮ ಮನೆಯಲ್ಲಿ ಬೇರೆ ಸುದ್ದಿಯೇ ಇಲ್ಲ. ನಿನ್ನಪ್ಪ ದಾಲ್ ಮಿಲ್‌ನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಇವತ್ತ ಹೊಸಾದು ಏನಂದ್ಲು?" ಅಂತ ಕೇಳುತ್ತಾರೆ. ಅಂಗಿಗೆ ಮೆತ್ತಿದ ತೊಗರಿ ಧೂಳು ಝಾಡಿಸುವುದಕ್ಕೂ ಪುರುಸೊತ್ತಿಲ್ಲ. ಆಯಿ ಒಂದು ಹೇಳುತ್ತಾರೆ, ಕಾಕಾ ಇನ್ನೊಂದು ಹೇಳುತ್ತಾನೆ, ಮುತ್ಯಾ "ಅದು ನಿನ್ನಿದು, ಹಳೇದಾತು" ಅಂತ ತೀರ್ಪು ಕೊಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇಲ್ಲದಿದ್ದರೆ ಮುಂದೆ ಒಬ್ಬೊಬ್ಬರು ಒಂದೊಂದು ಕತೆ ಕಟ್ಟುತ್ತಾರೆ.

ಮೈ ಬೆಳೆದ ಲೆಕ್ಕ ನಾನು ಬರೆಯಬೇಕಾಗಿಲ್ಲ, ತಾಯಿ ಕಾರ್ಡಿನಲ್ಲಿ ಇದೆ. ವರ್ಷ ತುಂಬುವಾಗ ಕೂಸಿನ ತೂಕ ಹುಟ್ಟಿದಾಗಿನ ಮೂರು ಪಟ್ಟಾಗಬೇಕು ಅನ್ನುತ್ತಾರೆ. ನೀನು ಚೂರು ಕಮ್ಮಿ ಇದ್ದೆ. ಆಯಿ ತೊಗರಿಬೇಳೆ ಕಟ್ಟಿನಲ್ಲಿ ಬಿಸಿರೊಟ್ಟಿ ಕಿವುಚಿ, ಮೇಲೆ ತುಪ್ಪ ಹಾಕಿ ತಿನ್ನಿಸಿ ಸರಿ ಮಾಡಿದರು. ಎರಡು ವರ್ಷಕ್ಕೆ ಇರುವ ಎತ್ತರ ಮುಂದೆ ಆಗುವ ಎತ್ತರದ ಹೆಚ್ಚುಕಡಿಮೆ ಅರ್ಧ ಅಂತ ಕೇಳಿದ್ದೇ ತಡ, ನಿನ್ನಪ್ಪ ಟೇಪು ತಂದು ಅಳೆದು, ಎರಡರಿಂದ ಗುಣಿಸಿ, "ನನಗಿಂತ ಕಮ್ಮಿ, ನಿಮ್ಮವ್ವಗಿಂತ ಜಾಸ್ತಿ" ಅಂತ ನಿನಗೇ ವರದಿ ಒಪ್ಪಿಸಿದರು. ಶಹಾಬಾದ್ ಪರ್ಸಿ ಕಲ್ಲಿನ ನೆಲದ ಮೇಲೆ ನಡೆಯಲು ಕಲಿತೆ. ಬಿದ್ದೆ, ಎದ್ದೆ. ಹಣೆಗೆ ಬುಗುಟು ಬಂತು, ಹೋಯಿತು. ಅಷ್ಟೇ.

ಮಾತಿನದು ಹಾಗಲ್ಲ. ಅದನ್ನು ಬರೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಹುಟ್ಟಿದ ದಿನದಿಂದ ಅಂದರೂ ತಪ್ಪೇ. ಹೊಟ್ಟೆಯಲ್ಲಿ ಕೊನೆಯ ಮೂರು ತಿಂಗಳು ಕೂಸಿಗೆ ಹೊರಗಿನ ಸದ್ದು ಕೇಳಿಸುತ್ತದೆ, ಎಲ್ಲಕ್ಕಿಂತ ಚೆನ್ನಾಗಿ ತಾಯಿಯ ದನಿ. ಆ ಮೂರು ತಿಂಗಳು ನೀನು ನನ್ನ ಜೊತೆ ಶಾಲೆಗೆ ಬಂದಿದ್ದೀಯ, ಒಂಬತ್ತನೇ ಕ್ಲಾಸಿಗೆ ನಾನು ಸಂಧಿ ಸಮಾಸ ಅಂತ ಕೂಗಿದ್ದನ್ನೆಲ್ಲ ಕೇಳಿದ್ದೀಯ. ಪಾಪ, ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಕನ್ನಡ ಕಲಿಸುವವಳಾದ್ದರಿಂದ ನನ್ನ ಕಣ್ಣಿಗೆ ಬಿದ್ದ ಒಂದು ವಿಷಯ ಹೇಳುತ್ತೇನೆ. ನಾವು ಮಕ್ಕಳಿಗೆ ವ್ಯಂಜನ ಕಲಿಸುವುದು ಕ, ಖ, ಗದಿಂದ. ಗಂಟಲಿನ ಹತ್ತಿರ ಹೊರಟು, ಅಂಗುಳ ದಾಟಿ, ಹಲ್ಲು ದಾಟಿ, ಕೊನೆಗೆ ತುಟಿಗೆ ಬಂದು ಪ, ಬ, ಮ ಅನ್ನುತ್ತೇವೆ. ನೀನು ಹೊರಟದ್ದು ಆ ತುದಿಯಿಂದ. ಆರೇಳು ತಿಂಗಳಿಗೆ ಬಬಬಬ, ಮಮಮಮ. ತುಟಿ ಕೂಡಿಸಿ ಬಿಟ್ಟರೆ ಆಯಿತು, ನಾಲಿಗೆಗೆ ಕೆಲಸವೇ ಇಲ್ಲ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ತಂದೆತಾಯಿಯನ್ನು ಕರೆಯುವ ಪದದಲ್ಲಿ ಇದೇ ಸದ್ದುಗಳಿವೆ. ರೋಮನ್ ಯಾಕೊಬ್ಸನ್ ಅನ್ನುವ ದೊಡ್ಡ ಭಾಷಾಶಾಸ್ತ್ರಜ್ಞರು ಇದಕ್ಕೆ ಕಾರಣ ಹುಡುಕಿದ್ದರು. ಕೂಸು ಹಾಲು ಕುಡಿಯುವಾಗ ಬಾಯಿ ತುಂಬಿರುತ್ತದೆ, ಮೂಗಿನಿಂದಲೇ 'ಮ್ ಮ್' ಅಂತ ಸದ್ದು ಬರುತ್ತದೆ, ಅದೇ ಮುಂದೆ ಹಾಲಿಗಾಗಿ, ಅವ್ವನಿಗಾಗಿ ಕರೆಯುವ ಸದ್ದಾಗುತ್ತದೆ ಅಂತ. ಇದನ್ನು ಆಯಿಗೆ ಹೇಳಿದೆ. "ಅದೆಲ್ಲ ಇರ್ಲಿ, ಆಕಿ 'ಮಮಮ' ಅಂತ ಕರದದ್ದು ನನಗೇ" ಅಂದರು. ಸೊಸೆಯಾಗಿ ನಾನು ಮತ್ತೇನು ಹೇಳಲಿ.

ಪ, ಬ, ಮ ಆಯಿತು. ತ, ದ, ನ ಕೂಡ ಬೇಗ ಬಂದವು. ಸತಾಯಿಸಿದ್ದು ಕ. ನಾಲಿಗೆಯ ಹಿಂಬದಿ ಎತ್ತಲು ನಿನಗೆ ಬರಲೇ ಇಲ್ಲ, ಕ ಇದ್ದಲ್ಲೆಲ್ಲ ತ ಹಾಕಿದೆ. ಬಹಳ ಮಕ್ಕಳು ಹೀಗೆಯೇ ಮಾಡುತ್ತಾರೆ. ಆದರೆ ನಮ್ಮನೆಯಲ್ಲಿ ಇದರ ಏಟು ಬಿದ್ದದ್ದು ನಿನ್ನ ಕಾಕಾನಿಗೆ. ಅವನು ಕನ್ಯೆ ನೋಡುತ್ತಿರುವ ಹುಡುಗ. ಬೀಗರಾಗಬಹುದಾದವರು ಮನೆಗೆ ಬಂದು ಕೂತು ಚಹಾ ಕುಡಿಯುತ್ತಿದ್ದಾಗ, ನೀನು ಓಡಿಬಂದು ಅವನ ಮೊಣಕಾಲು ಹಿಡಿದು "ತಾತಾ! ತಾತಾ!" ಅಂದೆ. ಬಂದವರು ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಅವನ ಕೂದಲು ನೋಡಿದರು.

ರ ಇನ್ನೂ ಪೂರ್ತಿ ಬಂದಿಲ್ಲ. ರೊಟ್ಟಿ ಲೊಟ್ಟಿ, ಹೊರಗ ಹೊಲಗ. ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ತೇರು ಎಳೆಯುತ್ತಾರಲ್ಲ, ಈ ಸಲ ಮುತ್ಯಾನ ಹೆಗಲ ಮೇಲೆ ಕೂತು ನೋಡಿದೆ. ಮರುದಿನ ಮೇಲಿನ ಮನೆಯ ಅತ್ತಮ್ಮನಿಗೆ ಕೈ ಅಗಲ ಮಾಡಿ ತೋರಿಸಿ "ತೇಲು! ದೊಡ್ಡ ತೇಲು!" ಅಂದೆ. ಅವರು ತಾಂಡೂರು ಕಡೆಯ ತೆಲುಗಿನವರು. ತೆಲುಗಿನಲ್ಲಿ ತೇಲು ಅಂದರೆ ಚೇಳು. ಅವರು ಪೊರಕೆ ಹಿಡಿದುಕೊಂಡು ಇಡೀ ಮೆಟ್ಟಿಲು ಹುಡುಕಿದರು.

ಇದೆಲ್ಲ ಈಗ ನಗುತ್ತಾ ಬರೆಯುತ್ತಿದ್ದೇನೆ. ನಿನಗೆ ವರ್ಷ ತುಂಬಿ ಮೂರ್ನಾಲ್ಕು ತಿಂಗಳಾದಾಗ ನಗು ಇರಲಿಲ್ಲ. ನಿನಗೆ ಎಲ್ಲಾ ತಿಳಿಯುತ್ತಿತ್ತು. "ಮುತ್ಯಾನ ಕೋಲು ತಾ" ಅಂದರೆ ತರುತ್ತಿದ್ದೆ, "ಕೂಲರ್ ಹತ್ರ ಹೋಗಬ್ಯಾಡ" ಅಂದರೆ ಬೇಕಂತಲೇ ಹೋಗುತ್ತಿದ್ದೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದೆ. ಬಾಯಿಂದ ಮಾತ್ರ ಒಂದೆರಡು ಪದ ಬಿಟ್ಟರೆ ಇಲ್ಲ. ಆಯಿಗೆ ತಳಮಳ ಶುರುವಾಯಿತು. "ಇಷ್ಟೊತ್ತಿಗೆ ಮಾತಾಡಬೇಕಿತ್ತು ನೋಡವಾ. ಚೂರು ಬಜಿ ತೇಯ್ದು ನಾಲಿಗಿಗೆ ಹಚ್ಚು" ಅಂದರು. ಅವರ ಮಕ್ಕಳಿಗೆಲ್ಲ ಬಜೆ ಬೇರು ತೇಯ್ದು ಹಚ್ಚಿದವರೇ ಅವರು. ದವಾಖಾನೆಯ ಡಾಕ್ಟರು ಬಜೆ ಬೇಡ ಅಂದರು. ನಾಲಿಗೆಗೆ ಏನೂ ಆಗಿಲ್ಲ, ಮೊದಲು ಕಿವಿ ನೋಡೋಣ ಅಂದರು. ನನಗೆ ಆ ಕ್ರಮ ಹಿಡಿಸಿತು. ಕೇಳಿಸದೆ ಮಾತು ಬರುವುದಿಲ್ಲ, ಅದಕ್ಕೇ ಮಾತು ತಡವಾದ ಯಾವ ಕೂಸಿಗೂ ಮೊದಲು ಕಿವಿಯ ಪರೀಕ್ಷೆ.

ಆ ಪರೀಕ್ಷೆ ನೀನು ನಿದ್ದೆಯಲ್ಲಿದ್ದಾಗಲೇ ಮುಗಿಯಿತು. ಕಿವಿಯೊಳಗೆ ಮೆತ್ತನೆಯ ಒಂದು ಪುಟ್ಟ ಬಿರಡೆ ಇಟ್ಟರು. ಅದರಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಒಳಗೆ ಹೋಗುತ್ತದೆ. ಒಳಗಿವಿ ಸರಿಯಿದ್ದರೆ ಅದೂ ತನ್ನ ಕಡೆಯಿಂದ ಒಂದು ಸದ್ದು ವಾಪಸ್ಸು ಕೊಡುತ್ತದಂತೆ, ನಮಗೆ ಯಾರಿಗೂ ಕೇಳದಷ್ಟು ಸಣ್ಣದು. ಬಿರಡೆಯಲ್ಲಿರುವ ಮೈಕು ಅದನ್ನು ಹಿಡಿಯುತ್ತದೆ. ಎರಡೂ ಕಿವಿ ವಾಪಸ್ಸು ಮಾತಾಡಿದವು. ಸುಮ್ನೆ ಕಾಯಿರಿ, ಕೂಸಿನ ಜೊತೆ ಮಾತಾಡುತ್ತಾ ಇರಿ, ಬೇಕಾದರೆ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ ಅಂದರು. ಮೈಸೂರಿಗೆ ಹೋಗುವ ಪ್ರಸಂಗ ಬರಲಿಲ್ಲ.

ಯಾಕೆಂದರೆ ಬೇಸಿಗೆ ಬಂತು. ಕಲಬುರಗಿ ಬೇಸಿಗೆ ನಿನಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿ ಕೂಲರ್ ಮುಂದೆ ಬಿದ್ದಿರುತ್ತೇವೆ. ಶಾಲೆಗೂ ರಜೆ. ಕೂಲರ್ ಸದ್ದು ನಿಂತ ತಕ್ಷಣ ಮನೆಯವರೆಲ್ಲ ಒಂದೇ ದನಿಯಲ್ಲಿ "ಕರೆಂಟ್ ಹೋತು" ಅನ್ನುತ್ತೇವೆ. ದಿನಾ ಅದೇ. ಒಂದು ಮಧ್ಯಾಹ್ನ ನಮಗಿಂತ ಮೊದಲು ನೀನೇ ಅಂದೆ, "ತೆಂಟು ಹೋತು." ಎರಡು ಪದ ಕೂಡಿಸಿದ ನಿನ್ನ ಮೊದಲ ವಾಕ್ಯ ಅದು. ಬೇರೆಯವರ ಮಕ್ಕಳು ಏನೇನೋ ಚೆಂದದ್ದು ಹೇಳಿರಬಹುದು, ನಮ್ಮ ಮಗಳು ಕರೆಂಟಿನ ಸುದ್ದಿ ಹೇಳಿದಳು.

ಆಮೇಲೆ 'ಹೋತು' ಹಿಡಿದುಕೊಂಡೆ ನೋಡು, ಬಿಡಲೇ ಇಲ್ಲ. ತಟ್ಟೆ ಖಾಲಿಯಾದರೆ ಲೊಟ್ಟಿ ಹೋತು. ಕಾಗೆ ಹಾರಿದರೆ ತಾಗಿ ಹೋತು. ಕಾಲಿಂದ ಚಪ್ಪಲಿ ಕಳಚಿದರೆ ಚಪ್ಪಿ ಹೋತು. ಈ ವಯಸ್ಸಿನ ಮಕ್ಕಳು ಹೀಗೆ ಒಂದು ಪದ ಗಟ್ಟಿ ಹಿಡಿದು, ಅದರ ಮುಂದೆ ಬೇರೆ ಬೇರೆ ಹೆಸರು ಇಟ್ಟು ನೋಡುತ್ತಾರೆ. ಗೂಟ ಒಂದೇ, ದನ ದಿನಕ್ಕೊಂದು. ಸಂಜೆ ಮುತ್ಯಾ ಕೋಲು ಹಿಡಿದು ಅಪ್ಪನ ಕೆರೆ ಕಡೆ ಹೊರಟರು. ಬಾಗಿಲಲ್ಲಿ ನಿಂತು ಓಣಿಗೆಲ್ಲಾ ಕೇಳುವ ಹಾಗೆ ಕೂಗಿದೆ, "ಮುತ್ಯಾ ಹೋತು!"

ಆಯಿ ಒಳಗಿಂದ ಓಡಿಬಂದರು. ನಮ್ಮಲ್ಲಿ ಹೊರಟ ಮನುಷ್ಯನೇ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು. ನೀನು ಎಪ್ಪತ್ತು ದಾಟಿದ ಮುತ್ಯಾನನ್ನು 'ಹೋತು' ಮಾಡಿಬಿಟ್ಟಿದ್ದೆ. "ಹಂಗನಬಾರದು ಕೂಸೇ. ಬರ್ತಾರ ಅನ್ನು. ಮುತ್ಯಾ ಬರ್ತಾರ." ನಿನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಅವರು ಬರುವ ತನಕ ಅದನ್ನೇ ಹೇಳಿಸಿದರು. ಚೆನ್ನಾಗಿಯೇ ಕಲಿತೆ. ಆ ರಾತ್ರಿ ಊಟಕ್ಕೆ ಕೂತಾಗ ಕರೆಂಟ್ ಹೋಯಿತು. ಕತ್ತಲೆಯಲ್ಲಿ ನಿನ್ನ ದನಿ, ಸಮಾಧಾನ ಮಾಡುವ ಹಾಗೆ: "ತೆಂಟು ಬರ್ತಾರ."

ಈಗ ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತೇವೆ. ಇಷ್ಟು ಮರ್ಯಾದೆ ಕೊಟ್ಟ ಮೇಲಾದರೂ ಬೇಗ ಬರಬಹುದೇನೋ ಅಂತ ನಿನ್ನಪ್ಪನ ಆಸೆ.

ಇನ್ನು ನಿನ್ನ ಜಂಬದ ವಿಷಯ. 'ಬೇಡ' ಅನ್ನುವುದನ್ನು ನೀನು ಮೂರು ಭಾಷೆಯಲ್ಲಿ ಕಲಿತಿದ್ದೀಯ. ಮನೆಯಲ್ಲಿ ಒಲ್ಲೆ. ಪಕ್ಕದ ಮನೆಯ ಖಾಲಾ ಹತ್ತಿರ ನಕ್ಕೋ. ಮೇಲಿನ ಅತ್ತಮ್ಮನ ಹತ್ತಿರ ವದ್ದು. 'ಬೇಕು' ಅನ್ನುವುದು ನಿನಗೆ ಕೈ ಚಾಚಿದರೆ ಆಗುತ್ತದೆ, ಅದಕ್ಕೆ ಪದ ಯಾಕೆ ಅಂತ ಬಿಟ್ಟಿರಬೇಕು. ಒಂದು ಸಂಜೆ ಮೂವರೂ ನಮ್ಮ ಕಟ್ಟೆಯ ಮೇಲೆ ಕೂತಿದ್ದರು. ಖಾಲಾ ಖರ್ಜೂರದ ಬೀಜ ತೆಗೆದು "ಲೇ ಬೇಟಾ" ಅಂದರು. ನೀನು ತಲೆ ಅಲ್ಲಾಡಿಸಿ "ನತ್ತೋ" ಅಂದೆ. ಅತ್ತಮ್ಮ ಹಾಲು ಕುಡಿಯುತ್ತೀಯಾ ಅನ್ನುವುದಕ್ಕೆ "ಪಾಲು ತಾಗುತಾವಾ?" ಅಂದರು. ಅವರ ಕಡೆ ತಿರುಗಿ "ವದ್ದು" ಅಂದೆ. ಆಯಿ "ಬುವಾ ಉಣ್ಣು ಬಾ" ಅಂದರು. "ಒಲ್ಲೆ." ಒಮ್ಮೆಯೂ ಅದಲುಬದಲಾಗಲಿಲ್ಲ. ಆಗಲೇ ಬಳೆಗಾರ ಬಂದು ನಿನ್ನ ಮುಂದೆ ಕೆಂಪು ಬಳೆ ಹಿಡಿದ. ನೀನು ಬಾಯಿ ಬಿಡಲಿಲ್ಲ. ಅವನ ಮುಖವನ್ನೇ ನೋಡುತ್ತಾ ನಿಂತೆ. ಅವನು "ತಗೋ ತಂಗಿ" ಅಂದ ಮೇಲೆ ನಿನಗೆ ಯಾವುದು ಅಂತ ಗೊತ್ತಾಯಿತು. "ಒಲ್ಲೆ" ಅಂದು ಬಳೆ ಕಸಿದುಕೊಂಡೆ.

ನೀನು ಮೂರು ಭಾಷೆ ಕಲಿಯುತ್ತಿದ್ದೀಯ ಅಂತ ನನಗೆ ಅನ್ನಿಸುವುದಿಲ್ಲ. ಭಾಷೆ ಅಂತ ಒಂದಿದೆ ಅನ್ನುವುದೇ ನಿನಗೆ ಗೊತ್ತಿಲ್ಲ. ನಿನಗೆ ಗೊತ್ತಿರುವುದು ಜನ. ಖಾಲಾ ಜೊತೆ ಮಾತಾಡುವುದು ಹೀಗೆ, ಆಯಿ ಜೊತೆ ಹೀಗೆ. ನಿನ್ನ ಬಾಯಲ್ಲಿರುವ ಒಂದೊಂದು ಪದವೂ ಯಾರ ಮನೆಯಿಂದ ಬಂತು ಅಂತ ನಾನು ಬೆರಳು ಮಾಡಿ ಹೇಳಬಲ್ಲೆ. 'ಅಯ್ಯೋ ಶರಣಾ' ಆಯಿಯದು. ಗಂಟಲು ಸರಿಪಡಿಸಿಕೊಂಡು 'ಹ್ಞಾಂ, ಹಲೋ' ಅನ್ನುವುದು ಮಿಲ್ಲಿನ ಫೋನು ಎತ್ತುವ ನಿನ್ನಪ್ಪನದು. ಸೊಂಟದ ಮೇಲೆ ಕೈಯಿಟ್ಟು "ಸುಮ್ಮಿರ್ರಿ!" ಅನ್ನುವುದು ಯಾರದು ಅಂತ ಒಂಬತ್ತನೇ ಕ್ಲಾಸಿನವರು ಹೇಳುತ್ತಾರೆ.

ಊರಿನ ಮಾತೇ ಹೀಗಿದೆ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ಹೈದರಾಬಾದಿನವರು. ಕಚೇರಿ, ಶಾಲೆ ಹೆಚ್ಚಾಗಿ ಉರ್ದುವಿನಲ್ಲಿ. ನಿನ್ನ ಮುತ್ಯಾನ ಅಪ್ಪ ಮನೆಯಲ್ಲಿ ಕನ್ನಡ ಆಡಿ, ಹೊಲದ ಕಾಗದಕ್ಕೆ ಉರ್ದುವಿನಲ್ಲಿ ಸಹಿ ಹಾಕಿದವರು. ಆ ಕಾಗದ ಇನ್ನೂ ಟ್ರಂಕಿನಲ್ಲಿದೆ. ಸೇಡಂ ಕಡೆ ಹೋದರೆ ತೆಲುಗು, ಆಳಂದ ಕಡೆ ಹೋದರೆ ಮರಾಠಿ. ನಮ್ಮ ಕನ್ನಡದಿಂದ ದವಾಖಾನೆ, ಖುರ್ಚಿ, ಜಲ್ದಿ, ಖರೇ ತೆಗೆದುಬಿಟ್ಟರೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮಾತು ನಿಂತುಹೋಗುತ್ತದೆ.

ಇದು ಎಲ್ಲರಿಗೂ ಹಿಡಿಸುವುದಿಲ್ಲ. ಬೆಂಗಳೂರಿನಿಂದ ಬಂದ ನಮ್ಮ ಬಳಗದವರೊಬ್ಬರು, ಇಷ್ಟೆಲ್ಲ ಕಲಸಿದರೆ ಕೂಸು ತಲೆ ಕೆಡಿಸಿಕೊಳ್ಳುತ್ತದೆ, ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ, ಮೊಬೈಲಿನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿ ಕೂಡಿಸಿ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಎರಡು ಮೂರು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಒಂದೊಂದು ಭಾಷೆಯಲ್ಲಿ ಪದ ಕಮ್ಮಿ ಅನ್ನಿಸಬಹುದು, ಎಲ್ಲಾ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಇನ್ನು ಮೊಬೈಲು. 2003ರಲ್ಲಿ ಪೆಟ್ರೀಷಿಯಾ ಕೂಲ್ ಅನ್ನುವ ವಿಜ್ಞಾನಿಯ ತಂಡ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಮಾತು ಕೇಳಿಸಿದ್ದರು. ಎದುರಿಗೆ ಕೂತು ಆಟ ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಸದ್ದು ಹಿಡಿದವು. ಅದೇ ಜನ, ಅದೇ ಮಾತು ಟೀವಿಯಲ್ಲಿ ಬಂದಾಗ ಏನೂ ಹಿಡಿಯಲಿಲ್ಲ. ಖಾಲಾ ಕೊಡುವ ಖರ್ಜೂರ ಟೀವಿಯಿಂದ ಬರುವುದಿಲ್ಲವಲ್ಲ.

ಇನ್ನೊಂದು ಪ್ರಯೋಗ ನನಗೆ ಭಾಳ ಇಷ್ಟ. 1984ರಲ್ಲಿ ಪ್ರಕಟವಾದದ್ದು, ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಮಾಡಿದ್ದು. ಹಿಂದಿಯ ತ ಮತ್ತು ಟ ಎರಡನ್ನೂ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ಎರಡೂ ಬೇರೆ ಅಂತ ಗುರುತಿಸಿದವು. ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಸುತ್ತಲಿನ ಜನ ಬಳಸದ ವ್ಯತ್ಯಾಸವನ್ನು ಕಿವಿ ಕೈಬಿಡುತ್ತದೆ. ನಿನಗೆ ಆ ಪೈಕಿ ತೊಂದರೆ ಇಲ್ಲ. ಕತ್ತೆ, ಕಟ್ಟೆ ಎರಡೂ ನಮ್ಮ ಓಣಿಯಲ್ಲೇ ಇವೆ, ದಿನಾ ಕೇಳುತ್ತೀಯ. ಇಂಗ್ಲಿಷ್ ಬೇಕು, ನಾನು ಬೇಡ ಅನ್ನುವವಳಲ್ಲ. ಶಾಲೆಗೆ ಹೋದ ಮೇಲೆ ಕಲಿಯುತ್ತೀಯ. ಕಲಿಸುವುದಕ್ಕೆ ಒಬ್ಬ ಮನುಷ್ಯ ಇರಲಿ ಅಷ್ಟೇ.

ಕಳೆದ ತಿಂಗಳಿಂದ ನಿನ್ನ ವ್ಯಾಕರಣ ಶುರುವಾಗಿದೆ. 'ನಾನು' ಯಾರು, 'ನೀನು' ಯಾರು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಎಲ್ಲರೂ ನಿನ್ನನ್ನು "ನಿಂಗ ಬೇಕಾ?" ಅಂತ ಕೇಳುತ್ತಾರೆ. ಹಾಗಾಗಿ ನೀನು ಎರಡೂ ಕೈ ಚಾಚಿ "ನಿಂಗ ಬೇಕು" ಅನ್ನುತ್ತೀಯ. ನಿನ್ನ ಕಡೆಯಿಂದ ನೋಡಿದರೆ ಸರಿಯಾಗಿಯೇ ಇದೆ. ಹಾಗೆಯೇ ಮೊನ್ನೆ "ಆಯಿ ಬೆಲ್ಲಾ ಕೊಡಿದ್ಳು" ಅಂದೆ. ಕೊಟ್ಟಳು ಅಲ್ಲ, ಕೊಡಿದ್ಳು. ಈ ಮನೆಯಲ್ಲಿ, ಈ ಓಣಿಯಲ್ಲಿ ಆ ಪದವನ್ನು ಯಾರೂ ಆಡಿಲ್ಲ. ಮಾಡು ಮಾಡಿದಳು ಆದರೆ, ಹಾಡು ಹಾಡಿದಳು ಆದರೆ, ಕೊಡು ಕೊಡಿದಳು ಯಾಕಾಗಬಾರದು ಅಂತ ಒಳಗೇ ಲೆಕ್ಕ ಹಾಕಿದ್ದೀಯ. ಜನರಿಂದ ಎತ್ತಿಕೊಂಡದ್ದಲ್ಲದ ಮೊದಲ ಪದ ಅದು, ಪೂರಾ ನಿನ್ನ ಸ್ವಂತದ್ದು. ನನ್ನ ವಿದ್ಯಾರ್ಥಿ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನಿನಗೆ "ಹೌದಾ, ಆಯಿ ಬೆಲ್ಲ ಕೊಟ್ಳಾ?" ಅಂದೆ ಅಷ್ಟೇ. ತಿದ್ದಿದ್ದೂ ಆಯಿತು, ಮಾತು ಮುಂದುವರಿಸಿದ್ದೂ ಆಯಿತು. ನೀನು "ಹ್ಞೂಂ, ಕೊಡಿದ್ಳು" ಅಂದೆ.

ನಮ್ಮೂರಿಂದ ಸೇಡಂ ರಸ್ತೆ ಹಿಡಿದರೆ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ. ಅಲ್ಲಿನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲಿ ಕನ್ನಡಿಗರನ್ನು ಹೊಗಳುವ ಸಾಲುಗಳಿವೆ. ತಂತಮ್ಮ ನುಡಿಯಲ್ಲಿ ಎಲ್ಲರೂ ಜಾಣರು, ಚಿಕ್ಕ ಮಕ್ಕಳು, ಮೂಗರು ಕೂಡ ತಮಗೆ ತಿಳಿದದ್ದನ್ನು ತಿಳಿಸಬಲ್ಲರು ಅನ್ನುವ ಮಾತು ಅಲ್ಲಿದೆ. ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಪರೀಕ್ಷೆಗೆ ಬರುತ್ತದೆ ಅಂತ. ಈ ವರ್ಷ ಹೇಳುವಾಗ ನಿನ್ನ ಬಳೆಗಾರ ನೆನಪಾಗಿ ನಗು ಬಂತು. ಮಕ್ಕಳು ಯಾಕ್ರೀ ಟೀಚರ್ ಅಂದರು. ಹೇಳಿದೆ. ಆ ವಾರ ಪೂರ್ತಿ ಹೋಮ್‌ವರ್ಕ್ ಕೇಳಿದರೆ ಹಿಂದಿನ ಬೆಂಚಿನಿಂದ "ಒಲ್ಲೆ", "ನಕ್ಕೋ", "ವದ್ದು".

ಮೂರು ತುಂಬಿದ ಮೇಲೆ ನಿನ್ನನ್ನು ಓಣಿಯ ತುದಿಯ ಅಂಗನವಾಡಿಗೆ ಕಳಿಸುತ್ತೇವೆ. ಹೋಗಿ ನೋಡಿ ಬಂದೆ. ಟೀಚರ್ ಮಕ್ಕಳ ಜೊತೆ ನೆಲದ ಮೇಲೆ ಕೂತು ಹಾಡುತ್ತಿದ್ದರು, ಅದು ಸಾಕು ನನಗೆ. ತಾಂಡಾದಿಂದ ಬಂದು ಇಲ್ಲಿ ಬಾಡಿಗೆಗೆ ಇರುವ ಮನೆಗಳ ಮಕ್ಕಳೂ ಅಲ್ಲಿ ಬರುತ್ತಾರೆ, ತಮ್ಮತಮ್ಮಲ್ಲಿ ಲಂಬಾಣಿ ಮಾತಾಡುತ್ತಾರೆ. ಮನೆಗೆ ಬಂದು ಇದನ್ನು ಹೇಳಿದರೆ ಆಯಿ ತಲೆ ಮೇಲೆ ಕೈ ಹೊತ್ತು ಕೂತರು. "ಅಂದ್ರ ಒಲ್ಲೆ ಅನ್ನೋದು ಇನ್ನೊಂದು ಕಲೀತಾಳೇನು?"

ನಿನ್ನ ಅವ್ವ